ಮೊದಲು ಉಸಿರು, ಆಮೇಲೆ ಓಟ

ಮೇರಿಲ್ಯಾಂಡಿನಲ್ಲಿ ಮೋಟರ್‌ಸೈಕಲ್ ಇಟ್ಟುಕೊಂಡವರಿಗೆ ಚಳಿಗಾಲವೆಂದರೆ ಲೆಕ್ಕಾಚಾರದ ಕಾಲ. ಡಿಸೆಂಬರ್ ಬಂತೆಂದರೆ ಹಿಮ ಬೀಳುವ ಮೊದಲೇ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ರಿಮ್ಮಿಗೋ ಸ್ಪೋಕಿಗೋ ಹತ್ತಿದರೆ ತುಕ್ಕು ಹಿಡಿಯದೆ ಬಿಡುವುದಿಲ್ಲ. ಹಾಗಾಗಿ ಗಾಡಿಯನ್ನು ಒರೆಸಿ, ಪೆಟ್ರೋಲ್ ಟ್ಯಾಂಕು ತುಂಬಿಸಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿ ಗರಾಜಿನ ಮೂಲೆಯಲ್ಲಿ ನಿಲ್ಲಿಸುತ್ತೇವೆ. ಗಾಡಿ ನಿಂತಿತೆಂದರೆ ಮನಸ್ಸು ಓಡಲು ಶುರು. ರಾತ್ರಿ ಊಟ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ ಬಿಡಿಭಾಗಗಳ ಕ್ಯಾಟಲಾಗು ಬಿಡಿಸಿಕೊಂಡು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಂದು ಪುಟದಲ್ಲಿ ಹೆಚ್ಚು ಒತ್ತಡದ ಪಿಸ್ಟನ್ನು, ಇನ್ನೊಂದರಲ್ಲಿ ವಾಲ್ವು ತೆರೆಯುವ ಚುರುಕು ಕ್ಯಾಮು, ಮತ್ತೊಂದರಲ್ಲಿ ದೊಡ್ಡ ಬಾಯಿಯ ಕಾರ್ಬುರೇಟರು. ಪ್ರತಿಯೊಂದರ ಪಕ್ಕದಲ್ಲೂ ಒಂದು ಚಿತ್ರ, ಒಂದು ಬೆಲೆ, ಒಂದು ಭರವಸೆ.

ಆಸೆಗೆ ಮಿತಿಯಿಲ್ಲ, ಜೇಬಿಗೆ ಇದೆ. ಮನೆಸಾಲದ ಕಂತು, ಮಕ್ಕಳ ಓದು, ಊರಿಗೆ ಹೋಗಿಬರುವ ವಿಮಾನದ ಖರ್ಚು ಎಲ್ಲ ಕಳೆದು ಒಬ್ಬ ಸಂಸಾರಸ್ಥ ತನ್ನ ಮೋಟರ್‌ಸೈಕಲ್ಲಿಗೆಂದು ಎಷ್ಟು ತೆಗೆದಿಡಬಲ್ಲ? ನಾನು ತೆಗೆದಿಟ್ಟದ್ದು ಸಾವಿರ ಡಾಲರು. ಅಷ್ಟರಲ್ಲಿ ಎಲ್ಲವನ್ನೂ ಕೊಳ್ಳಲಾಗದು. ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಎಂದೆಂದಿಗೂ ಬೇಡ? ಈ ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸುವುದರಲ್ಲಿ ಒಂದು ಸುಖವಿದೆ. ಹಣ ಧಾರಾಳವಾಗಿರುವವನಿಗೆ ಇದು ಹುಟ್ಟುವುದೇ ಇಲ್ಲ; ಅವನು ಎಲ್ಲವನ್ನೂ ಒಟ್ಟಿಗೆ ತರಿಸಿ ಒಟ್ಟಿಗೆ ಹಾಕಿಸುತ್ತಾನೆ, ಯಾವುದರಿಂದ ಏನಾಯಿತೆಂಬುದು ಅವನಿಗೆ ಕೊನೆಗೂ ತಿಳಿಯುವುದಿಲ್ಲ. ಕೈ ಬಿಗಿ ಇದ್ದವನು ಮಾತ್ರ ತನ್ನ ಎಂಜಿನ್ನನ್ನು ಒಂದೊಂದೇ ಅಂಗವಾಗಿ ಅರಿಯುತ್ತಾನೆ.

ನನ್ನದು 2003ರ ರಾಯಲ್ ಎನ್‌ಫೀಲ್ಡ್ ಬುಲೆಟ್ 500. ಬೀಡುಕಬ್ಬಿಣದ ಸಿಲಿಂಡರಿನ ಹಳೇ ಕಾಲದ ಎಂಜಿನ್ನು. ಇಂಗ್ಲೆಂಡಿನ ರೆಡಿಚ್‌ನಲ್ಲಿ ರೂಪುಗೊಂಡು, 1955ರಲ್ಲಿ ಮದ್ರಾಸಿಗೆ ಬಂದು ನೆಲೆನಿಂತ ವಂಶ ಅದರದು. ತಿರುವೊಟ್ಟಿಯೂರಿನಿಂದ ಹಡಗು ಹತ್ತಿ, ಅಮೆರಿಕದಲ್ಲಿ ಬೇರೆಯವರ ಕೈಯಲ್ಲಿ ಓಡಿ, ಕೊನೆಗೆ ಎಲಿಕಾಟ್ ಸಿಟಿಯ ನಮ್ಮ ಗರಾಜು ಸೇರಿತು. ಸಿಲಿಂಡರಿನ ಬೋರು 84 ಮಿಲಿಮೀಟರ್, ಸ್ಟ್ರೋಕು 90. ಒಟ್ಟು 499 ಸಿಸಿ. ಕಂಪ್ರೆಷನ್ನು 6.5ಕ್ಕೆ 1. ಇಷ್ಟೆಲ್ಲ ಗಾತ್ರವಿದ್ದೂ ಕೊಡುವುದು 22 ಅಶ್ವಶಕ್ತಿ. ಇವತ್ತು ಅದೇ ಕಂಪನಿಯ 648 ಸಿಸಿ ಇಂಟರ್‌ಸೆಪ್ಟರ್ 47 ಕೊಡುತ್ತದೆ. ಲೆಕ್ಕದಲ್ಲಿ ನೋಡಿದರೆ ನನ್ನ ಗಾಡಿ ಬಡವನೇ ಸರಿ. ಆದರೆ ಅದನ್ನು ಸ್ಟಾರ್ಟ್ ಮಾಡುವ ಕ್ರಮ ಒಂದನ್ನು ನೋಡಿದರೆ ಸಾಕು, ಈ ಗಾಡಿಯನ್ನು ಜನ ಯಾಕೆ ಬಿಡುವುದಿಲ್ಲವೆಂದು ಗೊತ್ತಾಗುತ್ತದೆ. ಇಗ್ನಿಷನ್ ಹಾಕಿ ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋಗಬೇಕು. ಹೆಡ್‌ಲೈಟಿನ ಮೇಲಿನ ಪುಟ್ಟ ಆಮ್‌ಮೀಟರಿನ ಮುಳ್ಳು ಒಂದು ಪಕ್ಕಕ್ಕೆ ವಾಲಿರುತ್ತದೆ. ಕಾಲಿಗೆ ಒತ್ತಡ ಗಟ್ಟಿಯಾಗಿ ತಾಗುವ ಹೊತ್ತಿಗೆ ಕಿಡಿ ಹುಟ್ಟಿಸುವ ಪಾಯಿಂಟು ಬಿಚ್ಚಿಕೊಂಡು ಮುಳ್ಳು ನಡುವಿಗೆ ಬರುತ್ತದೆ. ಆಗ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಹಿಡಿದು ಕಿಕ್ಕರನ್ನು ಇನ್ನೊಂದು ಚೂರು ಇಳಿಸಿ, ಬಿಟ್ಟು, ಪೂರ್ತಿ ಮೇಲಕ್ಕೆ ಬಂದ ಕಿಕ್ಕರನ್ನು ಒಂದೇ ಸಲ ತುಳಿಯಬೇಕು. ಎಲ್ಲವೂ ಸರಿಯಿದ್ದರೆ ಮೊದಲ ಒದೆತಕ್ಕೇ ಎಂಜಿನ್ ಹಿಡಿದುಕೊಳ್ಳುತ್ತದೆ. ಆಮೇಲೆ ಆ ಸದ್ದು. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಬಿಡುವು ಇರುವ, ಬೇಕಾದರೆ ಎಣಿಸಬಹುದಾದ ಸದ್ದು.

ಇಂಥ ಗಾಡಿಗೆ ಸಾವಿರ ಡಾಲರನ್ನು ಹೇಗೆ ಹಂಚಲಿ ಎಂದು ನಾನು ಕೇಳಿದ್ದು ಮೈಸೂರಿನ ನನ್ನ ಸೋದರಮಾವನನ್ನು. ಅವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಆ ಕಾರ್ಖಾನೆ ಚೆಕ್ ದೇಶದ ಜಾವಾವನ್ನು ಮೈಸೂರಿನದನ್ನಾಗಿ ಮಾಡಿತು. 1973ರಿಂದ ಅದೇ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಊರೂರು ಸುತ್ತಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಿಕ್ಕರನ್ನೇ ಮುಂದಕ್ಕೆ ಮಡಿಸಿದರೆ ಗೇರಿನ ಲಿವರ್ ಆಗುವ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದ ಆ ಗಾಡಿಯನ್ನು ಓಡಿಸದ ಮೈಸೂರಿನವರು ನನ್ನ ವಯಸ್ಸಿನವರಲ್ಲಿ ಕಡಿಮೆ. ಮಾವನ ಮನೆಯ ಮುಂದೆ ಭಾನುವಾರ ಬೆಳಿಗ್ಗೆ ಯಾರದಾದರೂ ಒಂದು ಯೆಜ್ಡಿ ನಿಂತೇ ಇರುತ್ತಿತ್ತು. ಪಿಕಪ್ ಇಲ್ಲ, ಬೋರ್ ಮಾಡಿಸಬೇಕು ಎಂದುಕೊಂಡು ಬಂದವರ ಗಾಡಿಯ ಸೈಲೆನ್ಸರ್ ಬಿಚ್ಚಿ, ಒಳಗೆ ಗಟ್ಟಿಯಾಗಿ ಕೂತ ಕಾರ್ಬನ್ ಸುಟ್ಟು ಕೆರೆದು ತೆಗೆದು, ಮತ್ತೆ ಹಾಕಿ, "ಈಗ ಒಂದು ರೌಂಡ್ ಹೋಗ್ಬನ್ನಿ ಸ್ವಾಮಿ" ಎನ್ನುತ್ತಿದ್ದರು. ಹೋಗಿಬಂದವರು ಬೋರಿನ ಮಾತು ಎತ್ತುತ್ತಿರಲಿಲ್ಲ.

ಫೋನಿನಲ್ಲಿ ಅವರಿಗೆ ನನ್ನ ಪಟ್ಟಿ ಓದಿ ಹೇಳಿದೆ.

"ಮಾವ, ಸಾವಿರ ಡಾಲರ್ ಇದೆ. ಯಾವುದು ಮೊದಲು ಹಾಕಿಸ್ಲಿ?"

"ಹಾಕ್ಸೋದು ಆಮೇಲೆ ಕಣೋ. ಕಂಪ್ರೆಷನ್ ನೋಡ್ದ್ಯಾ? ಟ್ಯಾಪೆಟ್ ಹಿಡ್ದ್ಯಾ? ಪಾಯಿಂಟ್ ಹೆಂಗಿದೆ? ಕಂಪನಿಯೋರು ಇಪ್ಪತ್ತೆರಡು ಕುದುರೆ ಕೊಟ್ಟವ್ರಲ್ಲ, ಅದ್ರಲ್ಲಿ ಎಷ್ಟು ಲಾಯದಲ್ಲೇ ಮಲಗವೆ ಅಂತ ಮೊದ್ಲು ನೋಡು. ಇರೋವ್ನ ಎಬ್ಬಿಸು. ಹೊಸ ಕುದುರೆ ಕೊಳ್ಳೋದು ಆಮೇಲೆ ನೋಡೋಣ."

ಅಪ್‌ಗ್ರೇಡ್ ವಿಚಾರದಲ್ಲಿ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಕಾಗದದ ಮೇಲೆ 22 ಇರುವುದು ಹಿಂದಿನ ಚಕ್ರ ಮುಟ್ಟುವ ಹೊತ್ತಿಗೆ ಎಷ್ಟಾಗಿರುತ್ತದೆಂದು ಯಾರು ಬಲ್ಲರು? ಸಡಿಲ ಟ್ಯಾಪೆಟ್ಟು ಸ್ವಲ್ಪ ತಿನ್ನುತ್ತದೆ, ಸವೆದ ಪಾಯಿಂಟು ಸ್ವಲ್ಪ, ಕಾರ್ಬುರೇಟರಿಗೂ ಹೆಡ್ಡಿಗೂ ನಡುವಿನ ಬಿರುಕುಬಿಟ್ಟ ರಬ್ಬರು ಸ್ವಲ್ಪ, ಎಣ್ಣೆ ಕಾಣದ ಚೈನು ಸ್ವಲ್ಪ. ಇವನ್ನು ಮರಳಿ ಪಡೆಯಲು ಬೇಕಾದದ್ದು ಒಂದು ಪ್ಲಗ್ಗು, ಒಂದು ಜೊತೆ ಪಾಯಿಂಟು, ಕಂಡೆನ್ಸರು, ಒಂದೆರಡು ರಬ್ಬರು, ಹೊಸ ಎಣ್ಣೆ. ನನಗೆ ನೂರು ಡಾಲರೂ ಆಗಲಿಲ್ಲ.

ಟ್ಯಾಪೆಟ್ ಹಿಡಿಯುವುದನ್ನೇ ತೆಗೆದುಕೊಳ್ಳಿ. ಈ ಎಂಜಿನ್ನಿನಲ್ಲಿ ಸಿಲಿಂಡರಿನ ಬಲಪಕ್ಕದ ಬುಡದಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಮುಚ್ಚಳವಿದೆ, ಒಂದೇ ನಟ್ಟು. ಎಂಜಿನ್ ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಬೇಕು. ಪಿಸ್ಟನ್ನು ಕಂಪ್ರೆಷನ್ನಿನ ತುತ್ತತುದಿಗೆ ಬಂದು ಎರಡೂ ವಾಲ್ವು ಮುಚ್ಚಿರಬೇಕು. ಮುಚ್ಚಳ ತೆಗೆದರೆ ಒಳಗೆ ಎಣ್ಣೆ ಸವರಿಕೊಂಡು ಹೊಳೆಯುವ ಎರಡು ಪುಶ್‌ರಾಡುಗಳು. ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ತಿರುಗಿಸಿದರೆ ರಾಡು ಸಲೀಸಾಗಿ ತಿರುಗಬೇಕು. ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಆಡಬಾರದು. ಅಳತೆ ಇಷ್ಟೇ, ಫೀಲರ್ ಗೇಜು ಬೇಕಿಲ್ಲ. ತಿರುಗದಿದ್ದರೆ ಬಿಗಿಯಾಗಿದೆ ಎಂದರ್ಥ. ವಾಲ್ವು ಪೂರ್ತಿ ಮುಚ್ಚದೆ ಅದರ ಅಂಚು ಸುಡುತ್ತದೆ. ಆಡಿದರೆ ಸಡಿಲ, ಟಕಟಕ ಸದ್ದು ಬರುತ್ತದೆ, ವಾಲ್ವು ತೆರೆಯಬೇಕಾದಷ್ಟು ತೆರೆಯುವುದಿಲ್ಲ. ಲಾಕ್‌ನಟ್ ಸಡಿಲಿಸಿ, ಅಡ್ಜಸ್ಟರನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಬಿಗಿದು, ಮತ್ತೊಮ್ಮೆ ಬೆರಳಲ್ಲಿ ತಿರುಗಿಸಿ ನೋಡಬೇಕು, ಏಕೆಂದರೆ ನಟ್ಟು ಬಿಗಿಯುವಾಗಲೇ ಅಳತೆ ಜಾರುವುದುಂಟು. ರಾಡು ಬಿಗಿಯಿಂದ ಬಿಡುಗಡೆಯಾಗಿ ಬೆರಳಿನ ನಡುವೆ ಮೆತ್ತಗೆ ಜಾರುವ ಆ ಗಳಿಗೆ ಇದೆಯಲ್ಲ, ಅದಕ್ಕೆ ಯಾವ ಬೆಲೆಪಟ್ಟಿಯಲ್ಲೂ ಬೆಲೆ ಬರೆದಿಲ್ಲ.

ಇಷ್ಟಾದ ಮೇಲೆ ನನ್ನ ಗಾಡಿ ಸ್ಲೋ ಹಿಡಿಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಆಕ್ಸಿಲರೇಟರ್ ಹಿಡಿದುಕೊಂಡೇ ಇರಬೇಕಾದ ಗೋಳು ಹೋಯಿತು.

ಇರುವುದು ಸರಿಯಾಯಿತು. ಇನ್ನು ಹೊಸದು. ಅಲ್ಲಿ ಮೊದಲ ಸ್ಥಾನ ಉಸಿರಿಗೆ. ಪೆಟ್ರೋಲ್ ಎಂಜಿನ್ನು ಮೂಲತಃ ಗಾಳಿ ಸೇದಿ ಗಾಳಿ ಬಿಡುವ ಯಂತ್ರ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಹದಿನಾಲ್ಕೂವರೆ ಗ್ರಾಮಿಗಿಂತ ಹೆಚ್ಚು ಗಾಳಿ ಬೇಕು. ಅಂದಮೇಲೆ ಶಕ್ತಿ ಹೆಚ್ಚಬೇಕಾದರೆ ಪೆಟ್ರೋಲಿಗಿಂತ ಮುಂಚೆ ಗಾಳಿಗೆ ದಾರಿ ಮಾಡಬೇಕು. ಸದ್ದಿನ, ಹೊಗೆಯ ನಿಯಮಗಳಿಗೆ ಒಗ್ಗಲೆಂದು ಕಂಪನಿಯವರು ಈ ಎಂಜಿನ್ನಿನ ಮೂಗನ್ನೂ ಬಾಲವನ್ನೂ ಸ್ವಲ್ಪ ಬಿಗಿದೇ ಕಳಿಸಿರುತ್ತಾರೆ. ಸಲೀಸಾಗಿ ಗಾಳಿ ಬಿಡುವ ಒಂದು ಏರ್ ಫಿಲ್ಟರು, ತಡೆ ಕಡಿಮೆಯಿರುವ ಒಂದು ಸೈಲೆನ್ಸರು, ಇವೆರಡಕ್ಕೂ ಹೊಂದುವಂತೆ ಕಾರ್ಬುರೇಟರಿನಲ್ಲಿ ಒಂದೆರಡು ಅಳತೆ ದೊಡ್ಡ ಮೇನ್ ಜೆಟ್ಟು. ಜೆಟ್ಟೆಂದರೆ ನಡುವೆ ತೂತಿರುವ, ಉಗುರಿಗಿಂತ ಚಿಕ್ಕ ಹಿತ್ತಾಳೆ ತಿರುಪು. ಬೆಲೆ ಕೆಲವೇ ಡಾಲರು. ಆದರೆ ಈ ಮೂರರಲ್ಲಿ ಬಿಡಬಾರದ್ದು ಅದೇ. ಗಾಳಿ ಹೆಚ್ಚಿಸಿ ಪೆಟ್ರೋಲು ಹೆಚ್ಚಿಸದಿದ್ದರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ.

ಜೆಟ್ಟು ಸರಿಯಾಗಿದೆಯೋ ಇಲ್ಲವೋ ಹೇಳುವುದು ಪ್ಲಗ್ಗು. ಗಾಡಿಯನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಒಂದು ಏರಿನಲ್ಲಿ ಜೋರಾಗಿ ಎಳೆಯುತ್ತಿರುವಾಗಲೇ ಎಂಜಿನ್ ಆರಿಸಿ, ಕ್ಲಚ್ ಹಿಡಿದು ಪಕ್ಕಕ್ಕೆ ಬಂದು ಪ್ಲಗ್ ಬಿಚ್ಚಬೇಕು. ನಡುವಿನ ಪಿಂಗಾಣಿ ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಮಸಿಯಾಗಿದ್ದರೆ ಹೆಚ್ಚಾಗಿದೆ. ತಿಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಹದ ಸಿಕ್ಕಿದೆ. ಮೈಸೂರಿನ ಮೆಕ್ಯಾನಿಕ್ಕುಗಳು ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು, ಬಿಸಿಲಿಗೆ ಎತ್ತಿ, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ ನೋಟವೇ ಬೇರೆ. ಇಲ್ಲಿ ನಾನು ಅದನ್ನೇ ಇಲ್‌ಚೆಸ್ಟರ್ ರಸ್ತೆಯ ಅಂಚಿನಲ್ಲಿ, ಪಟಾಪ್ಸ್ಕೋ ಕಣಿವೆಯ ಮರಗಳ ಸಂದಿನಿಂದ ಬೀಳುವ ಬಿಸಿಲಿನಲ್ಲಿ ಮಾಡುತ್ತೇನೆ.

ಸೈಲೆನ್ಸರಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತಡೆ ಕಡಿಮೆ ಮಾಡುವುದು ಬೇರೆ, ಸದ್ದು ಹೆಚ್ಚು ಮಾಡುವುದು ಬೇರೆ. ಒಳಗಿನ ಬ್ಯಾಫಲ್ ಕಿತ್ತೆಸೆದ ಬುಲೆಟ್ಟು ಜೋರಾಗಿ ಓಡುತ್ತಿರುವಂತೆ ಅದರ ಸವಾರನಿಗೆ ಅನ್ನಿಸುತ್ತದೆ. ನಿಜವಾಗಿ ಅದು ಎಷ್ಟೋ ಸಲ ತಗ್ಗಿನ ಎಳೆತವನ್ನು ಕಳೆದುಕೊಂಡಿರುತ್ತದೆ. ಬೆಂಗಳೂರಿನಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಕಿತ್ತು ರಸ್ತೆಗೆ ಸಾಲಾಗಿ ಹಾಸಿ ರೋಡ್‌ ರೋಲರ್ ಹತ್ತಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ಬೆಳಗಿನ ಆರು ಗಂಟೆಗೆ ಪಕ್ಕದ ಮನೆಯ ಮಗುವನ್ನು ಎಬ್ಬಿಸುವ ಹಕ್ಕು ಯಾವ ಮೋಟರ್‌ಸೈಕಲ್ಲಿಗೂ ಇಲ್ಲ.

ಉಸಿರಾದ ಮೇಲೆ ಕಿಡಿ. ಪಾಯಿಂಟುಗಳ ಬಾಯಿ 0.35ರಿಂದ 0.40 ಮಿಲಿಮೀಟರಿನಷ್ಟು ತೆರೆಯಬೇಕು. ಅದು ಸವೆಯುತ್ತದೆ, ಸುಡುತ್ತದೆ, ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತದೆ. ಸವೆದಂತೆಲ್ಲ ಟೈಮಿಂಗು ಜಾರುತ್ತದೆ. ಟೈಮಿಂಗು ಜಾರಿದಂತೆಲ್ಲ ಎಂಜಿನ್ನು ಬಿಸಿಯಾಗುತ್ತದೆ, ಸುಸ್ತಾಗುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಟ್ಟರೆ ಈ ಬಾಬತ್ತೇ ಮುಗಿಯಿತು. ಇನ್ನೂರು ಡಾಲರಿನ ಆಸುಪಾಸು. ಇದರಿಂದ ಕುದುರೆಗಳ ಸಂಖ್ಯೆ ಹೆಚ್ಚುವುದಿಲ್ಲ. ಇದ್ದವು ಪ್ರತಿದಿನವೂ ಕೆಲಸಕ್ಕೆ ಬರುತ್ತವೆ. ಪಾಯಿಂಟು ತೆಗೆದರೆ ಕಿಕ್ಕರ್ ತುಳಿಯುವ ಮುಂಚೆ ಆಮ್‌ಮೀಟರಿನ ಮುಳ್ಳು ನಡುವಿಗೆ ಬರುವ ಆಟವೂ ನಿಲ್ಲುತ್ತದೆ. ಅದು ನನಗೆ ಪ್ರೀತಿಯ ಆಟ. ಬಹಳ ಯೋಚಿಸಿ, ಮುಳ್ಳನ್ನು ಬಿಟ್ಟು ಕಿಡಿಯನ್ನು ಆರಿಸಿಕೊಂಡೆ, ಏಕೆಂದರೆ ಮನೆಯಿಂದ ಎಂಬತ್ತು ಮೈಲಿ ದೂರದಲ್ಲಿ ಸಂಜೆಗತ್ತಲಿನಲ್ಲಿ ಗಾಡಿ ಸ್ಟಾರ್ಟ್ ಆಗಬೇಕಾದದ್ದು ಮುಖ್ಯ.

ಸಣ್ಣ ಭಾಗವೊಂದು ಇಡೀ ಎಂಜಿನ್ನನ್ನು ಸೋಲಿಸಿದ ಕಥೆ ನಮ್ಮೂರಿನದೇ ಇದೆ. ಎಲಿಕಾಟ್ ಸಿಟಿ ಹುಟ್ಟಿದ್ದು 1772ರಲ್ಲಿ, ಎಲಿಕಾಟ್ ಸಹೋದರರು ಪಟಾಪ್ಸ್ಕೋ ನದಿಯ ದಡದಲ್ಲಿ ಹಿಟ್ಟಿನ ಗಿರಣಿ ಹಾಕಿದಾಗ. ಬಾಲ್ಟಿಮೋರ್ ಅಂಡ್ ಓಹಾಯೊ ರೈಲ್ವೆ ತನ್ನ ಮೊದಲ ಹದಿಮೂರು ಮೈಲಿಯ ಹಳಿಯನ್ನು 1830ರಲ್ಲಿ ತಂದು ಮುಟ್ಟಿಸಿದ್ದು ಈ ಗಿರಣಿಗಳಿಗೇ. ಮೇನ್ ಸ್ಟ್ರೀಟಿನ ಇಳಿಜಾರಿನ ತುದಿಯಲ್ಲಿ ಕಲ್ಲಿನ ಸ್ಟೇಷನ್ನು ಈಗಲೂ ಇದೆ. ಅಮೆರಿಕದಲ್ಲಿ ಉಳಿದಿರುವ ರೈಲು ನಿಲ್ದಾಣಗಳಲ್ಲಿ ಎಲ್ಲಕ್ಕಿಂತ ಹಳೆಯದು. ಆಗ ಗಾಡಿ ಎಳೆಯುತ್ತಿದ್ದದ್ದು ಕುದುರೆಗಳು. ನ್ಯೂಯಾರ್ಕಿನ ಪೀಟರ್ ಕೂಪರ್ ಎಂಬಾತ, ಉಗಿ ಎಂಜಿನ್ನು ಈ ಡೊಂಕು ಹಳಿಯ ಮೇಲೂ ಓಡಬಲ್ಲದು ಎಂದು ತೋರಿಸಲು ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಪುಟ್ಟ ಎಂಜಿನ್ನೊಂದನ್ನು ಕಟ್ಟಿದ. ಬಾಯ್ಲರಿಗೆ ಕೊಳವೆ ಸಿಗಲಿಲ್ಲವೆಂದು ಬಂದೂಕಿನ ನಳಿಗೆಗಳನ್ನು ಜೋಡಿಸಿದ. ಆ ಎಂಜಿನ್ನಿಗೆ ಬಂದ ಹೆಸರು ಟಾಮ್ ಥಂಬ್. 1830ರ ಆಗಸ್ಟಿನಲ್ಲಿ ಅದು ರೈಲ್ವೆಯ ನಿರ್ದೇಶಕರನ್ನು ಕೂರಿಸಿಕೊಂಡು ಎಲಿಕಾಟ್ ಗಿರಣಿಗಳವರೆಗೆ ಓಡಿ ಬಂತು.

ವಾಪಸಾಗುವಾಗ ಪಕ್ಕದ ಹಳಿಯ ಮೇಲೆ ಕುದುರೆ ಕಟ್ಟಿದ ಗಾಡಿಯೊಂದಿಗೆ ಪಂದ್ಯ ನಡೆಯಿತೆಂದು ಇಲ್ಲಿಯವರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಮೊದಲು ಕುದುರೆ ಮುಂದೆ ಹೋಯಿತು. ಉಗಿ ಏರಿದಂತೆ ಎಂಜಿನ್ನು ಅದನ್ನು ಹಿಡಿದು, ದಾಟಿ, ಮುಂದಾಯಿತು. ಅಷ್ಟರಲ್ಲಿ ಬೆಂಕಿಗೆ ಗಾಳಿ ಊದುವ ಬ್ಲೋವರಿನ ಬೆಲ್ಟು ತನ್ನ ಗಾಲಿಯಿಂದ ಜಾರಿತು. ಗಾಳಿಯಿಲ್ಲದೆ ಬೆಂಕಿ ಮಂಕಾಯಿತು, ಉಗಿ ಇಳಿಯಿತು. ಕೂಪರ್ ಬೆಲ್ಟನ್ನು ಮತ್ತೆ ಏರಿಸಲು ಹೋಗಿ ಕೈ ಗಾಯ ಮಾಡಿಕೊಂಡ. ಕುದುರೆ ಗೆದ್ದಿತು. ಬಾಯ್ಲರಿಗೆ ಏನೂ ಆಗಿರಲಿಲ್ಲ, ಸಿಲಿಂಡರೂ ಚೆನ್ನಾಗಿತ್ತು. ಉಸಿರು ಕಟ್ಟಿತು, ಅಷ್ಟೇ. ಮರುವರ್ಷದಿಂದ ರೈಲ್ವೆ ಕುದುರೆಗಳನ್ನು ಬಿಟ್ಟು ಉಗಿಯ ಕಡೆ ಹೊರಳಿತು, ಏಕೆಂದರೆ ನೋಡಿದವರಿಗೆ ಎಂಜಿನ್ನಿನ ಯೋಗ್ಯತೆ ತಿಳಿದಿತ್ತು. 1927ರಲ್ಲಿ ರೈಲ್ವೆಯ ನೂರರ ಹಬ್ಬಕ್ಕೆಂದು ಮಾಡಿದ ಅದರ ಪ್ರತಿರೂಪ ಬಾಲ್ಟಿಮೋರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಹೋಗುವುದು ಆ ಬೆಲ್ಟಿನ ಕಡೆಗೆ. ದೊಡ್ಡ ಪಿಸ್ಟನ್ನಿಗೆ ಆರ್ಡರು ಕೊಡುವ ಮುಂಚೆ ಪ್ರತಿಯೊಬ್ಬನೂ ತನ್ನ ಗಾಡಿಯಲ್ಲಿ ಅಂಥ ಬೆಲ್ಟು ಯಾವುದೆಂದು ಹುಡುಕಿಕೊಳ್ಳಬೇಕು.

ನನ್ನ ಬುಲೆಟ್ಟಿನಲ್ಲಿ ಅದು ಎಂಜಿನ್ನಿನ ಕೆಳಭಾಗ. ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. ಸ್ಟ್ರೋಕು 90 ಮಿಲಿಮೀಟರ್ ಇರುವುದರಿಂದ ನಿಮಿಷಕ್ಕೆ 4,000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್. ಅದು ಪ್ರತಿ ಸೆಕೆಂಡಿಗೆ 133 ಸಲ ನಿಂತು ದಿಕ್ಕು ಬದಲಿಸುತ್ತದೆ. ಹೀಗೆ ನಿಲ್ಲಿಸಿ ತಿರುಗಿಸುವ ಭಾರವನ್ನೆಲ್ಲ ಹೊರುವುದು ಕನೆಕ್ಟಿಂಗ್ ರಾಡು, ಅದರ ಬುಡದ ಬೇರಿಂಗು. ಸುತ್ತು 4,000ದಿಂದ 5,000ಕ್ಕೆ ಏರಿದರೆ, ಏರಿದ್ದು ಶೇಕಡಾ 25, ಆದರೆ ಭಾರ ಏರುವುದು ಶೇಕಡಾ 56, ಏಕೆಂದರೆ ಅದು ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಹಳೇ ಬುಲೆಟ್ಟಿನಲ್ಲಿ ಆ ಜಾಗದಲ್ಲಿರುವುದು ರೋಲರ್ ಬೇರಿಂಗಲ್ಲ, ಬುಶ್ಶು. ಶಾಂತವಾಗಿ ಓಡಿಸುವವನಿಗೆ ಅದು ವರ್ಷಗಟ್ಟಲೆ ಬಾಳುತ್ತದೆ. ಚುರುಕು ಕ್ಯಾಮು ಹಾಕಿ ಮೇಲಿನ ಸುತ್ತಿಗೆ ಎಬ್ಬಿಸಿದವನಿಗೆ ಮೊದಲು ಕೈಕೊಡುವುದೂ ಅದೇ. ಹಾಗಾಗಿ ಕ್ಯಾಮಿಗಿಂತ ಮುಂಚೆ ರೋಲರ್ ಬೇರಿಂಗು, ಫೋರ್ಜ್ ಮಾಡಿದ ಪಿಸ್ಟನ್ನು, ಎಣ್ಣೆ ಚೆನ್ನಾಗಿ ಹಾಯಿಸುವ ಪಂಪು. ಕ್ರ್ಯಾಂಕ್ ಬಿಚ್ಚುವ ಈ ಕೆಲಸ ದುಬಾರಿ. ನನ್ನ ಸಾವಿರದಲ್ಲಿ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಅದರ ಮೇಲೆ ಕೂರಬೇಕಾದ ಕ್ಯಾಮೂ ಬೇಡ. ಕ್ರ್ಯಾಂಕ್‌ಕೇಸಿನ ಒತ್ತಡ ಸಲೀಸಾಗಿ ಹೊರಹೋಗುವಂತೆ ಬ್ರೀದರ್ ಕೊಳವೆಯನ್ನು ಸರಿಮಾಡಿ, ಒಂದು ದಿಕ್ಕಿಗೆ ಮಾತ್ರ ಬಿಡುವ ರಬ್ಬರ್ ವಾಲ್ವು ಹಾಕಿದೆ. ಖರ್ಚು ಅತ್ಯಲ್ಪ. ಗ್ಯಾಸ್ಕೆಟ್ಟುಗಳ ಸಂದಿನಿಂದ ಎಣ್ಣೆ ಜಿನುಗುವುದು ನಿಂತಿತು.

ಕಂಪ್ರೆಷನ್ ಹೆಚ್ಚಿಸುವುದರ ಲಾಭವನ್ನೂ ಲೆಕ್ಕ ಹಾಕಿದೆ. 6.5ರಿಂದ 8.5ಕ್ಕೆ ಏರಿಸಿದರೆ ಪುಸ್ತಕದ ಸೂತ್ರದ ಪ್ರಕಾರ ಎಂಜಿನ್ನಿನ ದಕ್ಷತೆ ಹೆಚ್ಚುವುದು ಶೇಕಡಾ 9ರಷ್ಟು. ಕಡಿಮೆಯೇನಲ್ಲ. ಆದರೆ ಬೇರಿಂಗಿನ ಮೇಲೆ ಒತ್ತಡ ಹೆಚ್ಚುತ್ತದೆ, ಕಿಕ್ಕರ್ ಗಟ್ಟಿಯಾಗುತ್ತದೆ. ಇನ್ನೂ ಏರಿಸುತ್ತ ಹೋದರೆ ಇಲ್ಲಿಯ ಬಂಕಿನ 87ರ ಪೆಟ್ರೋಲು ಬಿಟ್ಟು 91, 93ರ ದುಬಾರಿ ಪೆಟ್ರೋಲನ್ನು ಜೀವಮಾನವಿಡೀ ಹಾಕಿಸಬೇಕಾಗುತ್ತದೆ. ಇನ್ನು ವೇಗದ ಆಸೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 60 ಮೈಲಿಯಲ್ಲಿ ಹೋಗುವ ಗಾಡಿ 70ಕ್ಕೆ ಏರಬೇಕಾದರೆ ಹೆಚ್ಚುಕಡಿಮೆ ಶೇಕಡಾ 60ರಷ್ಟು ಹೆಚ್ಚು ಶಕ್ತಿ ಬೇಕು. ಆ ಹತ್ತು ಮೈಲಿಗಾಗಿ ಇಡೀ ಎಂಜಿನ್ನನ್ನೇ ಬದಲಿಸಿದಂತಾಗುತ್ತದೆ. ಡ್ರಮ್ ಬ್ರೇಕಿನ ಗಾಡಿಗೆ ಅಷ್ಟು ವೇಗ ಕೊಟ್ಟರೆ ನಿಲ್ಲಿಸುವ ಖರ್ಚು ಬೇರೆ.

ಅಷ್ಟಕ್ಕೂ ನಾನು ಓಡಿಸುವುದೆಲ್ಲಿ? ಇದನ್ನು ಕೇಳಿಕೊಂಡರೆ ಅರ್ಧ ಪಟ್ಟಿ ತಾನಾಗಿ ಉದುರುತ್ತದೆ. ಇಂಟರ್‌ಸ್ಟೇಟ್ 70ರ ಮೇಲೆ ಟ್ರಕ್ಕುಗಳ ನಡುವೆ ಹೋಗುವ ಆಸೆ ನನಗಿಲ್ಲ, ಅದಕ್ಕೆ ಕಾರಿದೆ. ನನ್ನದು ಫ್ರೆಡೆರಿಕ್ ರಸ್ತೆ. ಊರು ದಾಟುತ್ತಲೇ ಏರಿಳಿಯುವ ಹುಲ್ಲುಗಾವಲು, ಬಿಳಿ ಬೇಲಿಯ ಕುದುರೆ ಫಾರಂಗಳು, ಲಿಸ್ಬನ್, ಮೌಂಟ್ ಏರಿ. ರಜೆ ಸಿಕ್ಕರೆ ವರ್ಜೀನಿಯಾದ ಸ್ಕೈಲೈನ್ ಡ್ರೈವ್: 105 ಮೈಲಿ ಉದ್ದಕ್ಕೂ ಗಂಟೆಗೆ 35 ಮೈಲಿಯ ಮಿತಿ. ಅದರ ಬಾಲಕ್ಕೆ ಸೇರಿ ಉತ್ತರ ಕೆರೊಲೈನಾದವರೆಗೆ ಹೋಗುವ ಬ್ಲೂ ರಿಡ್ಜ್ ಪಾರ್ಕ್‌ವೇ: 469 ಮೈಲಿ, ಹೆಚ್ಚಿನ ಕಡೆ 45ರ ಮಿತಿ. ಅಮೆರಿಕದ ಅತಿ ಚೆಲುವಾದ ರಸ್ತೆಗಳು ನನ್ನ ಬುಲೆಟ್ಟಿನ ಅಳತೆಗೇ ಇವೆ. ಅಲ್ಲಿ ಬೇಕಾದದ್ದು ತಗ್ಗಿನ ಸುತ್ತಿನ ಎಳೆತ, ಉದ್ದ ಸ್ಟ್ರೋಕಿನ ಎಂಜಿನ್ನಿಗೆ ಹುಟ್ಟಿನಿಂದಲೇ ಬಂದದ್ದು. ಗೇರ್‌ಬಾಕ್ಸಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಹೆಚ್ಚಿಸಿದರೆ ಅದೇ ವೇಗದಲ್ಲಿ ಎಂಜಿನ್ನು ಇನ್ನಷ್ಟು ನಿಧಾನವಾಗಿ ತಿರುಗುತ್ತದೆ. ಸಣ್ಣ ಖರ್ಚಿನಲ್ಲಿ ಪಿಸ್ಟನ್ನಿಗೂ ಬೇರಿಂಗಿಗೂ ಆಯಸ್ಸು ಹೆಚ್ಚುತ್ತದೆ. ನನ್ನ ಪಟ್ಟಿಯಲ್ಲಿ ಕಿಡಿಯಾದ ಮೇಲೆ ಅದಕ್ಕೇ ಸ್ಥಾನ.

ಇಲ್ಲಿಯ ಕಾವೇರಿ ಕನ್ನಡ ಸಂಘದ ಸಮಾರಂಭವೊಂದರಲ್ಲಿ ಸ್ನೇಹಿತರ ಮಗನೊಬ್ಬ ಸಿಕ್ಕಿದ. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕಾಲೇಜಿನಲ್ಲಿದ್ದಾನೆ, ಬೇಸಿಗೆಯಲ್ಲಿ ದುಡಿದ ಹಣದಲ್ಲಿ ಹಳೆಯ ಇಂಟರ್‌ಸೆಪ್ಟರ್ 650 ಕೊಂಡಿದ್ದಾನೆ. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಕೇಳಿದ:

"ಅಂಕಲ್, ನನ್ ಹತ್ರ ಎಂಟ್ನೂರ್ ಡಾಲರ್ ಇದೆ. ಎಕ್ಸಾಸ್ಟ್ ಫಸ್ಟಾ, ಕ್ಯಾಮ್ ಫಸ್ಟಾ?"

"ಗಾಡಿ ಎಷ್ಟು ಮೈಲಿ ಓಡಿದೆಯಪ್ಪ? ಕೊಂಡ ಮೇಲೆ ವಾಲ್ವ್ ಕ್ಲಿಯರೆನ್ಸ್ ನೋಡಿಸಿದ್ಯಾ?"

"ಇಲ್ಲ ಅಂಕಲ್. ಅದು ಅಪ್‌ಗ್ರೇಡಾ?"

"ಮೊದಲನೇ ಅಪ್‌ಗ್ರೇಡೇ ಅದು."

ಅವನ ಎಂಜಿನ್ನು ಬೇರೆ ಜಾತಿಯದು. 9.5ರ ಕಂಪ್ರೆಷನ್ನು, ಫ್ಯೂಯಲ್ ಇಂಜೆಕ್ಷನ್ನು, ಕಂಪ್ಯೂಟರು. ಅಲ್ಲಿ ಜೆಟ್ಟಿನ ಕೆಲಸವನ್ನು ಮಾಡುವುದು ಇಂಧನದ ಮ್ಯಾಪು. ಹಾಗಾಗಿ ಫಿಲ್ಟರೂ ಸೈಲೆನ್ಸರೂ ಬದಲಾದರೆ ಮ್ಯಾಪೂ ಬದಲಾಗಬೇಕು. ಆ ಕೆಲಸಕ್ಕೆ ಬೇಕಾದ ಪವರ್‌ಟ್ರಾನಿಕ್ ಎಂಬ ಪೆಟ್ಟಿಗೆ ಮಾಡುವವರು ಬೆಂಗಳೂರಿನ ರೇಸ್ ಡೈನಾಮಿಕ್ಸಿನವರು ಎಂದು ಹೇಳಿದಾಗ ಅವನ ಮುಖ ಅರಳಿತು. 648 ಸಿಸಿಯನ್ನು 865ಕ್ಕೆ ಏರಿಸುವ ಎಸ್ ಅಂಡ್ ಎಸ್ ಕಂಪನಿಯ ಕಿಟ್ಟಿನ ಚಿತ್ರವನ್ನು ಅವನು ಫೋನಿನಲ್ಲಿ ಇಟ್ಟುಕೊಂಡಿದ್ದ. ಚೆಂದದ ವಸ್ತು, ಕೈತುಂಬ ಸಂಬಳ ಬಂದ ಮೇಲೆ ನೋಡಬಹುದು. ಈಗ ಎಂಟುನೂರರಲ್ಲಿ ಸರ್ವೀಸು, ಒಳ್ಳೆಯ ಟಯರು, ಬ್ರೇಕ್ ಪ್ಯಾಡು. ಉಳಿದದ್ದರಲ್ಲಿ ಮೋಟರ್‌ಸೈಕಲ್ ತರಬೇತಿ. ಗಾಡಿ ಓಡಿಸುವವನ ಕೈ ಸುಧಾರಿಸಿದರೆ ಎಷ್ಟು ವೇಗ ಸಿಗುತ್ತದೋ ಅಷ್ಟನ್ನು ಯಾವ ಕ್ಯಾಮೂ ಕೊಡಲಾರದು ಎಂದು ಅವನಿಗೆ ಹೇಳಿದೆ, ಈಗಲೂ ಹೇಳುತ್ತೇನೆ.

ಇನ್ನೊಂದು ನಿಯಮವನ್ನು ನಾನು ಬಿಟ್ಟುಕೊಡುವುದಿಲ್ಲ: ಒಂದು ಸಲಕ್ಕೆ ಒಂದೇ ಬದಲಾವಣೆ. ಫಿಲ್ಟರು, ಸೈಲೆನ್ಸರು, ಜೆಟ್ಟು ಒಂದು ಕುಟುಂಬ, ಅವು ಒಟ್ಟಿಗೆ ಬರಲಿ. ಉಳಿದದ್ದೆಲ್ಲ ಒಂದೊಂದಾಗಿ. ಹಾಕಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ಏರಿನಲ್ಲಿ ಕೆಲವು ವಾರ ಓಡಿಸಬೇಕು. ಇಲ್‌ಚೆಸ್ಟರಿನ ಕಡಿದಾದ ಏರು ನನ್ನ ಪರೀಕ್ಷಾಕೊಠಡಿ. ಮೊದಲು ಎರಡನೇ ಗೇರಿಗೆ ಇಳಿಸಬೇಕಾಗಿದ್ದ ತಿರುವನ್ನು ಈಗ ಮೂರರಲ್ಲೇ ಹತ್ತುತ್ತದೆ. ಡೈನೋ ಯಂತ್ರದ ಅಂಕಿ ನನಗೆ ಬೇಕಿಲ್ಲ, ಆ ತಿರುವಿನಲ್ಲಿ ಎಂಜಿನ್ನಿನ ದನಿ ಬದಲಾಗದೆ ಮೇಲಕ್ಕೆ ಎಳೆದುಕೊಂಡು ಹೋಗುವುದು ಸಾಕು. ನನ್ನ ಸಾವಿರದಲ್ಲಿ ಇನ್ನೂ ಒಂದಿಷ್ಟು ಮಿಕ್ಕಿದೆ. ಅದು ರೋಲರ್ ಬೇರಿಂಗಿನ ಹುಂಡಿಗೆ ಹೋಗುತ್ತದೆ. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಕ್ರ್ಯಾಂಕ್ ಬಿಚ್ಚುವ ದಿನ ಬರುತ್ತದೆ.

ಕೈಯಲ್ಲಿ ಕಡಿಮೆ ಹಣವಿಟ್ಟುಕೊಂಡು ಎಂಜಿನ್ನನ್ನು ಪ್ರೀತಿಸುವವರು ಬೆಂಗಳೂರಿನಲ್ಲಿದ್ದರೂ ಬಾಲ್ಟಿಮೋರಿನಲ್ಲಿದ್ದರೂ ಕ್ರಮ ಒಂದೇ: ಇರುವುದನ್ನು ಸರಿಪಡಿಸಿ, ಉಸಿರು ಬಿಡಿಸಿ, ಕಿಡಿ ಗಟ್ಟಿಮಾಡಿ, ಎಣ್ಣೆಯನ್ನೂ ಬ್ರೇಕನ್ನೂ ನೋಡಿಕೊಳ್ಳಿ, ಬುಡ ಭದ್ರವಾದ ಮೇಲಷ್ಟೇ ಶಕ್ತಿ ಕೊಳ್ಳಿ. ಮೊದಲ ನೂರು ಡಾಲರನ್ನು, ಮೊದಲ ಐದು ಸಾವಿರ ರೂಪಾಯಿಯನ್ನು ಟ್ಯೂನಿಂಗಿಗೇ ಕೊಡಿ. ಮಿಕ್ಕದ್ದನ್ನು ಎಲ್ಲಿ ಹಾಕಬೇಕೆಂದು ನಿಮ್ಮ ಎಂಜಿನ್ನೇ ಹೇಳುತ್ತದೆ.